ಕೈರೋಪ್ರಾಕ್ಟಿಕ್: ಕಿವುಡಿನಿಂದ ಸೊಂಟನೋವಿನವರೆಗೆ

ಕೈರೋಪ್ರಾಕ್ಟಿಕ್ ಎಂಬುದು ಔಷಧಿ, ಶಸ್ತ್ರಚಿಕಿತ್ಸೆಗಳ ಗೋಜಿಗೆ ಹೋಗದೆ ಬೆನ್ನುಮೂಳೆ ಮತ್ತು ಕೀಲುಗಳನ್ನು ಕೈಯಿಂದ ಒತ್ತಿ, ತಿರುಗಿಸಿ ನೋವು ಇಳಿಸುವ ಪದ್ಧತಿ. ಹುಟ್ಟಿದ್ದು ಅಮೆರಿಕದಲ್ಲಿ, 19ನೇ ಶತಮಾನದ ಕೊನೆಗೆ. ಇಂದು ಇದನ್ನು ಹುಡುಕಿಕೊಂಡು ಬರುವವರಲ್ಲಿ ಬೆನ್ನು, ಸೊಂಟ, ಕುತ್ತಿಗೆ ನೋವಿನವರೇ ಹೆಚ್ಚು. ಆದರೆ ಇದರ ಮೊದಲ ಘೋಷಣೆ ಸೊಂಟಕ್ಕೆ ಸಂಬಂಧಿಸಿದ್ದೇ ಅಲ್ಲ.

ಕೆನಡಾದಲ್ಲಿ 1845ರಲ್ಲಿ ಹುಟ್ಟಿದ ಡೇನಿಯಲ್ ಡೇವಿಡ್ ಪಾಮರ್, ಅಯೋವ ರಾಜ್ಯದ ಡೇವನ್‌ಪೋರ್ಟ್‌ನಲ್ಲಿ ‘ಕಾಂತ ಚಿಕಿತ್ಸೆ’ ನಡೆಸುತ್ತಿದ್ದ. 1895ರ ಸೆಪ್ಟೆಂಬರ್‌ನಲ್ಲಿ, ತನ್ನ ಚಿಕಿತ್ಸಾಲಯವಿದ್ದ ಕಟ್ಟಡದ ಕೆಲಸಗಾರ ಹಾರ್ವಿ ಲಿಲಾರ್ಡ್‌ನ ಬೆನ್ನಮೂಳೆಯೊಂದನ್ನು ಒತ್ತಿ ಅವನ ಕಿವುಡನ್ನು ನೀಗಿಸಿದೆನೆಂದು ಸಾರಿದ. ಕಿವಿಯ ನರವಾದರೋ ಬೆನ್ನಿನ ಮೂಲಕ ಹಾಯುವುದೇ ಇಲ್ಲ. ರೋಗಗಳಲ್ಲಿ ಶೇ. 95ರಷ್ಟಕ್ಕೆ ಜಾರಿದ ಬೆನ್ನಮೂಳೆಗಳೇ ಕಾರಣವೆಂದು ಹೇಳಿದ. 1897ರಲ್ಲಿ ಶಾಲೆಯನ್ನೂ ತೆರೆದ. 1906ರಲ್ಲಿ ಪರವಾನಗಿಯಿಲ್ಲದೆ ವೈದ್ಯ ಮಾಡಿದ್ದಕ್ಕೆ ಜೈಲು ಸೇರಿದ. ಶಾಲೆ ಮಗ ಬಿ. ಜೆ. ಪಾಮರ್‌ನ ಕೈಗೆ ಬಂತು. ಎಕ್ಸ್‌-ರೇ ಯಂತ್ರ, ರೇಡಿಯೊ ಕೇಂದ್ರ ಎರಡನ್ನೂ ಬಳಸಿಕೊಂಡು ಮಗ ಈ ವೃತ್ತಿಯನ್ನು ಊರೂರಿಗೆ ಹರಡಿದ.

ಕಾನೂನಿನ ಮಾನ್ಯತೆ ನಿಧಾನವಾಗಿ ದಕ್ಕಿತು. 1913ರಲ್ಲಿ ಕ್ಯಾನ್ಸಸ್ ಮೊದಲ ಪರವಾನಗಿ ಕಾಯಿದೆ ಮಾಡಿತು. ಕೊನೆಯ ರಾಜ್ಯವಾದ ಲೂಯಿಸಿಯಾನ ಒಪ್ಪಿದ್ದು 1974ರಲ್ಲಿ.

ಈ ನಡುವೆ ಸೊಂಟನೋವಿನ ತಿಳಿವಳಿಕೆಯೇ ಬದಲಾಗಿತ್ತು. 20ನೇ ಶತಮಾನದ ಆರಂಭದಲ್ಲಿ ಕೆಳಬೆನ್ನು, ತೊಡೆಯ ನೋವಿಗೆಲ್ಲ ಬೆನ್ನುಮೂಳೆ ಸೊಂಟದೆಲುಬನ್ನು ಸೇರುವ ಕೀಲನ್ನೇ ದೂರುವುದು ವೈದ್ಯರಲ್ಲೂ ರೂಢಿಯಾಗಿತ್ತು. 1934ರಲ್ಲಿ ಬಾಸ್ಟನ್ನಿನ ಶಸ್ತ್ರವೈದ್ಯರಾದ ಮಿಕ್ಸ್ಟರ್ ಮತ್ತು ಬಾರ್, ಬೆನ್ನಮೂಳೆಗಳ ನಡುವಿನ ಮೆತ್ತೆಯಾದ ಡಿಸ್ಕ್ ಹೊರಚಾಚಿ ನರವನ್ನು ಒತ್ತುವುದರಿಂದ ಕಾಲಿಗಿಳಿಯುವ ನೋವು ಬರಬಹುದೆಂದು ತೋರಿಸಿದರು. ಆದರೂ ಹಳೆಯ ಕೈಚಳಕ ಉಳಿಯಿತು: ರೋಗಿಯನ್ನು ಮಗ್ಗುಲಾಗಿ ಮಲಗಿಸಿ, ಮೇಲಿನ ಮಂಡಿ ಮಡಿಸಿ, ಸೊಂಟದ ಮೇಲೆ ಚುರುಕಾಗಿ ಒಂದು ತಳ್ಳು. ಆಗ ಕೇಳಿಸುವ ‘ಟಕ್’ ಸದ್ದು ಮೂಳೆ ತನ್ನ ಜಾಗಕ್ಕೆ ಮರಳಿದ್ದರ ಗುರುತಲ್ಲ. ಕೀಲಿನ ದ್ರವದಲ್ಲಿ ಅನಿಲದ ಪೊಳ್ಳು ಉಂಟಾಗುವುದರ ಫಲ.

ಅಮೆರಿಕದ ವೈದ್ಯ ಸಂಘವು 1963ರಲ್ಲಿ ನಕಲಿ ವೈದ್ಯದ ವಿರುದ್ಧ ಸಮಿತಿ ರಚಿಸಿ ಕೈರೋಪ್ರಾಕ್ಟರುಗಳನ್ನು ಹೊರಗಿಡಲು ಶ್ರಮಿಸಿತು. ಕೈರೋಪ್ರಾಕ್ಟರ್ ಚೆಸ್ಟರ್ ವಿಲ್ಕ್ ಮತ್ತು ಸಂಗಡಿಗರು 1976ರಲ್ಲಿ ಸಂಘದ ಮೇಲೆ ಮೊಕದ್ದಮೆ ಹೂಡಿದರು. 1987ರಲ್ಲಿ ನ್ಯಾಯಾಧೀಶೆ ಸೂಸನ್ ಗೆಟ್ಜೆಂಡಾನರ್ ಆ ಬಹಿಷ್ಕಾರ ಕಾನೂನುಬಾಹಿರವೆಂದರು. ಚಿಕಿತ್ಸೆ ಫಲಕಾರಿಯೇ ಎಂಬುದನ್ನು ತೀರ್ಪು ನಿರ್ಧರಿಸಲಿಲ್ಲ.

ಅದನ್ನು ನಿರ್ಧರಿಸಬೇಕಾದದ್ದು ಪ್ರಯೋಗಗಳು. 26 ಪ್ರಯೋಗಗಳನ್ನು ಒರೆಗೆ ಹಚ್ಚಿದ 2011ರ ಕಾಕ್ರೇನ್ ಸಮೀಕ್ಷೆ, ದೀರ್ಘಕಾಲದ ಕೆಳಬೆನ್ನು ನೋವಿನಲ್ಲಿ ಈ ಚಿಕಿತ್ಸೆ ಉಳಿದ ಚಿಕಿತ್ಸೆಗಳಿಗಿಂತ ಹೇಳಿಕೊಳ್ಳುವಷ್ಟು ಮೇಲಲ್ಲವೆಂದು ಕಂಡಿತು. ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ 2017ರಲ್ಲಿ ಹೊಸ ಬೆನ್ನುನೋವಿಗೆ ಮಾತ್ರೆಗಿಂತ ಮೊದಲು ಯೋಚಿಸಬಹುದಾದ ಉಪಾಯಗಳಲ್ಲಿ ಶಾಖ, ಮಸಾಜ್‌ಗಳ ಜೊತೆ ಇದನ್ನೂ ಸೇರಿಸಿತು. ಚಿಕಿತ್ಸೆಯ ಮಾರ್ಗಸೂಚಿ ನೀಡುವ ಬ್ರಿಟನ್ನಿನ ನೈಸ್ ಸಂಸ್ಥೆ 2016ರಲ್ಲಿ ವ್ಯಾಯಾಮದ ಜೊತೆಯಲ್ಲಿ ಮಾತ್ರ ಇದನ್ನು ಒಪ್ಪಿತು.

ಸರ್ವರೋಗ ನಿವಾರಣೆಯ ಮಾತಿನಿಂದ ಹೊರಟ ಪದ್ಧತಿಗೆ ಕೊನೆಗೆ ಪುರಾವೆಯ ಬೆಂಬಲ ಸಿಕ್ಕಿದ್ದು ಮುಖ್ಯವಾಗಿ ಬೆನ್ನುನೋವಿನಲ್ಲಿ, ಅದೂ ಮಿತವಾಗಿ. ಮೂಳೆ ಸವೆತ, ಮೂಳೆ ಮುರಿತ, ಗಡ್ಡೆ, ಸೋಂಕು ಇದ್ದವರಿಗೆ ಇದು ಸಲ್ಲದು. ಕಾಲಿನ ಬಲ ಕುಂದಿದರೆ, ತೊಡೆಸಂದು ಜೋಮು ಹಿಡಿದರೆ ಅಥವಾ ಮೂತ್ರದ ಹಿಡಿತ ತಪ್ಪಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.