ಅರಳೆಯ ಧೂಳು, ಪಾರ್ಥೇನಿಯಂ ಪರಾಗ

ಹುಬ್ಬಳ್ಳಿ-ಧಾರವಾಡದ ಜನರ ಉಸಿರನ್ನು ಕಾಡಿದ ಧೂಳಿನಲ್ಲಿ ಅಮೆರಿಕ ಖಂಡದಿಂದ ಬಂದ ಎರಡು ಗಿಡಗಳ ಪಾಲು ದೊಡ್ಡದು. ಒಂದನ್ನು ಬ್ರಿಟಿಷ್ ಸರಕಾರ ತರಿಸಿ ಬೆಳೆಸಿತು. ಇನ್ನೊಂದು ಕರೆಯದೇ ಬಂತು.

1840ರ ದಶಕದಲ್ಲಿ ಧಾರವಾಡದ ಕಲೆಕ್ಟರ್ ಶಾ ಅವರ ಆಸಕ್ತಿಯಿಂದ ಹುಬ್ಬಳ್ಳಿ ಸಮೀಪದ ಕುಸುಗಲ್ಲಿನಲ್ಲಿ ಅಮೆರಿಕದ ಹತ್ತಿಯನ್ನು ಬಿತ್ತಿ ನೋಡಲಾಯಿತು. ಎರೆಭೂಮಿಗೆ ಒಗ್ಗಿದ ಅದು ‘ಧಾರವಾಡ-ಅಮೆರಿಕನ್’ ಎಂದು ಹೆಸರಾಯಿತು. 1861-65ರ ಅಮೆರಿಕದ ಅಂತರ್ಯುದ್ಧದಲ್ಲಿ ಅಲ್ಲಿನ ಹತ್ತಿ ಸಿಗದಾಗಿ ಇಲ್ಲಿನ ಹತ್ತಿಯ ಬೆಲೆ ಏರಿತು. ರೈಲು ಬಂದ ಮೇಲೆ ಹುಬ್ಬಳ್ಳಿಯಲ್ಲಿ ಹತ್ತಿ ಬಿಡಿಸುವ, ನೂಲು ತೆಗೆಯುವ ಗಿರಣಿಗಳು ಎದ್ದವು. ಗಿರಣಿ ಕೆಲಸಗಾರರಿಗೆ ಹತ್ತಿಯ ಧೂಳಿನಿಂದ ಬರುವ ಬಿಸಿನೋಸಿಸ್ ಕಾಯಿಲೆಯಲ್ಲಿ ರಜೆ ಮುಗಿಸಿ ಬಂದ ಮೊದಲ ದಿನವೇ ಎದೆ ಬಿಗಿಯುತ್ತದೆ. ಅರಳೆಗೆ ಅಂಟಿದ ಒಣ ಎಲೆಚೂರು ಮತ್ತು ಬ್ಯಾಕ್ಟೀರಿಯಾದ ವಿಷಾಂಶ ಅದಕ್ಕೆ ಮುಖ್ಯ ಕಾರಣ. ಆದ್ದರಿಂದ ಅದನ್ನು ಪರಾಗದ ಅಲರ್ಜಿಯೊಂದಿಗೆ ಬೆರೆಸಬಾರದು.

ನಿಜವಾದ ಅಲರ್ಜಿಯ ಗಿಡ ಪಾರ್ಥೇನಿಯಂ, ಊರವರ ಬಾಯಲ್ಲಿ ಕಾಂಗ್ರೆಸ್ ಕಸ. ಮೆಕ್ಸಿಕೋ ಕೊಲ್ಲಿಯ ಸುತ್ತಲಿನ ಈ ಗಿಡ 1950ರ ದಶಕದ ನಡುವೆ ಪುಣೆಯಲ್ಲಿ ಗಮನಕ್ಕೆ ಬಂತು. ಆಮದು ಗೋಧಿಯೊಂದಿಗೆ ಬಂತೆಂಬ ನಂಬಿಕೆ ಬಲವಾಗಿದೆ. ರಸ್ತೆ, ರೈಲು ಹಳಿ, ಖಾಲಿ ನಿವೇಶನ ಹಿಡಿದು ಹಬ್ಬುವ ಇದರ ಒಂದೇ ಗಿಡ ಸಾವಿರಾರು ಬೀಜ ಕೊಡುತ್ತದೆ. ಎಲೆ ತಾಗಿದರೆ ಚರ್ಮ ಉರಿಯುತ್ತದೆ; ಪರಾಗ ಮೂಗಿಗೆ ಹೋದರೆ ಸೀನು, ನೆಗಡಿ, ದಮ್ಮು. ಬೆಂಗಳೂರಿನಲ್ಲಿ ನಡೆದ ಚರ್ಮಪರೀಕ್ಷೆಗಳಲ್ಲಿ ಅಲರ್ಜಿ ನೆಗಡಿಯ ಮೂರರಲ್ಲೊಬ್ಬ ರೋಗಿ ಈ ಪರಾಗಕ್ಕೆ ಪ್ರತಿಕ್ರಿಯಿಸಿದ್ದ. ಕರ್ನಾಟಕ 1975ರಲ್ಲಿ ಇದನ್ನು ಪೀಡೆಕಳೆಯೆಂದು ಘೋಷಿಸಿತು. 1984ರಲ್ಲಿ ಈ ಕಳೆಯನ್ನು ತಿನ್ನುವ ಮೆಕ್ಸಿಕೋದ ಜೀರುಂಡೆಯನ್ನು ಬೆಂಗಳೂರಿನಲ್ಲಿ ಬಿಡಲಾಯಿತು. ಜೀರುಂಡೆ ಮಳೆಗಾಲದಲ್ಲಿ ಎಲೆ ತಿಂದು, ಒಣಗಾಲದಲ್ಲಿ ಮಣ್ಣಿನಲ್ಲಿ ಅಡಗುತ್ತದೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಡಾ. ಎಂ. ಮಹದೇವಪ್ಪ ಕ್ಯಾಸಿಯಾ ಗಿಡ ಬೆಳೆಸಿ ಅದರ ಪೈಪೋಟಿಯಲ್ಲಿ ಪಾರ್ಥೇನಿಯಂ ಅಡಗಿಸುವ ದಾರಿಯನ್ನು ಎತ್ತಿ ಹಿಡಿದರು. ಇಷ್ಟಾದರೂ ಹೂ ಬಿಡುವ ಮೊದಲೇ ಬೇರು ಸಮೇತ ಕೀಳುವುದಕ್ಕೆ ಸಾಟಿಯಾದ ಉಪಾಯವಿಲ್ಲ.

ಮನೆಯೊಳಗಿನ ಶತ್ರು ಇನ್ನೂ ಹಳೆಯದು: ಹಾಸಿಗೆಯ ಧೂಳಿನಲ್ಲಿ ಮನುಷ್ಯನ ಚರ್ಮದ ಹೊಟ್ಟು ತಿಂದು ಬದುಕುವ, ಕಣ್ಣಿಗೆ ಕಾಣದ ನುಸಿ. ಅದರ ಹಿಕ್ಕೆಯೇ ಅಲರ್ಜಿಯ ಮುಖ್ಯ ಮೂಲ. ಹತ್ತಿ ಗಾದಿ, ಹಳೆ ಸೀರೆಗಳ ಕೌದಿ, ಗೋಣಿಚೀಲಗಳಲ್ಲಿ ಅದು ತಂಗುತ್ತದೆ. ಕೌದಿಯನ್ನು ಬಿಸಿಲಿಗೆ ಹರವುವ ರೂಢಿಗೆ ಇಲ್ಲಿ ವೈದ್ಯಕೀಯ ಬೆಲೆಯಿದೆ, ಏಕೆಂದರೆ ತೇವ ಹೋದಲ್ಲಿ ನುಸಿ ಬದುಕಲಾರದು. ಆದರೆ ಮಲೆನಾಡಿನ ಅಂಚಿನ ಧಾರವಾಡದಲ್ಲಿ ಮಳೆ ಹಿಡಿದಾಗ ಬಿಸಿಲೇ ಇಲ್ಲ. ಗೋಡೆಗೆ ಬೂಸ್ಟು ಹತ್ತುತ್ತದೆ, ನುಸಿ ಹೆಚ್ಚುತ್ತದೆ. ಅದೇ ಮಳೆಗೆ ಹೊರಗೆ ಪಾರ್ಥೇನಿಯಂ ಚಿಗುರಿ ಕೆಲವೇ ವಾರಗಳಲ್ಲಿ ಹೂವಾಗುತ್ತದೆ. ನುಸಿಯಿಂದ ಮೊದಲೇ ಊದಿಕೊಂಡ ಶ್ವಾಸನಾಳಕ್ಕೆ ಸ್ವಲ್ಪ ಪರಾಗವೂ ಸಾಕಾಗುವುದರಿಂದ, ಎರಡಕ್ಕೂ ಅಲರ್ಜಿ ಇರುವವರಿಗೆ ಈ ತಿಂಗಳುಗಳೇ ಹೆಚ್ಚು ಕಷ್ಟದವು.