ಚನ್ನಪಟ್ಟಣದ ಬೊಂಬೆಯನ್ನು ಉಳಿಸಿದವರು ಯಾರು?

ಚನ್ನಪಟ್ಟಣದ ಬೊಂಬೆಗಳ ಮಾತು ಬಂದಾಗಲೆಲ್ಲ ಟಿಪ್ಪು ಸುಲ್ತಾನನ ಹೆಸರೂ ಬರುತ್ತದೆ. ಪರ್ಷಿಯಾದ ಕುಶಲಕರ್ಮಿಗಳನ್ನು ಕರೆಸಿ ಇಲ್ಲಿಯವರಿಗೆ ಅರಗಿನ ಕೆಲಸ ಕಲಿಸಿದನೆಂಬುದು ಪ್ರತೀತಿ. ಅದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಕಸುಬು ಹುಟ್ಟಿದ್ದು ಹೇಗೆ ಎಂಬುದು ಒಂದು ಪ್ರಶ್ನೆ, ಉಳಿದದ್ದು ಹೇಗೆ ಎಂಬುದು ಮತ್ತೊಂದು. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್ ಈ ಊರಿನ ಮೂಲಕ ಹಾದುಹೋದ. ಇಲ್ಲಿನ ಗಾಜಿನ ಬಳೆ, ವಾದ್ಯಗಳಿಗೆ ಬಿಗಿಯುವ ಉಕ್ಕಿನ ತಂತಿ, ಟಿಪ್ಪುವಿಗಾಗಿಯೇ ಒಂದು ಮನೆತನ ತಯಾರಿಸುತ್ತಿದ್ದ ನುಣುಪಾದ ಬಿಳಿ ಸಕ್ಕರೆ ಇವುಗಳನ್ನು ಅವನು ದಾಖಲಿಸಿದ್ದಾನೆ. ಈ ಮೂರರಲ್ಲಿ ಯಾವುದೂ ಇಂದು ಚನ್ನಪಟ್ಟಣದ ಗುರುತಲ್ಲ. ದೊರೆಯ ಕೃಪೆಯೊಂದೇ ಕಸುಬನ್ನು ಕಾಯುವುದಾಗಿದ್ದರೆ ಮೊದಲು ಉಳಿಯಬೇಕಾಗಿದ್ದದ್ದು ಆ ಸಕ್ಕರೆ.

ಬೊಂಬೆ ಉಳಿದದ್ದು ಅದರ ಕೆಲಸ ಒಂದು ಮನೆಯೊಳಗೆ ಹಿಡಿಸುವಷ್ಟಾಗಿದ್ದರಿಂದ. ಅದಕ್ಕೆ ಬೇಕಾದ ಆಲೆ ಮರ ಸುತ್ತಲಿನ ಸೀಮೆಯದೇ. ಮರ ಚಿಕ್ಕದು, ಬಿಳುಪು, ಎಳೆ ನಯ. ಒಣಗಿದ ತುಂಡನ್ನು ಲೇತ್‌ಗೆ ಸಿಕ್ಕಿಸಿ ಉಳಿಯಿಂದ ಕಡೆಯುತ್ತಾರೆ. ಅದು ತಿರುಗುತ್ತಿರುವಾಗಲೇ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ, ಮೇಲೆ ತಾಳೆಗರಿ ಒತ್ತಿದರೆ ಹೊಳಪು ಬರುತ್ತದೆ. ಕುಲುಮೆ ಬೇಡ, ಕುಂಚವೂ ಬೇಡ. ಇದೇ ಲೇತ್‌ನಲ್ಲಿ ಕಡೆಯುವ ಮಕ್ಕಳ ಪುಟ್ಟ ಕುರ್ಚಿಯನ್ನೇ ನೋಡಿ: ನಾಲ್ಕು ಕಾಲು, ಒರಗುವ ಕಡ್ಡಿಗಳು ಎಲ್ಲವೂ ದುಂಡನೆಯವು, ಲೇತ್‌ಗೆ ಹೇಳಿ ಮಾಡಿಸಿದಂಥವು. ಕೂರುವ ಹಲಗೆಗೆ ಮಾತ್ರ ಅಗಲವಾದ ಬೇರೆ ಮರ ಬೇಕು. 1907ರಲ್ಲಿ ರೋಮಿನಲ್ಲಿ ಮಾರಿಯಾ ಮಾಂಟೆಸ್ಸೊರಿ ತಮ್ಮ ಶಿಶುಶಾಲೆಗೆ ಮಗುವೇ ಎತ್ತಿಡಬಲ್ಲ ಹಗುರ ಕುರ್ಚಿಗಳನ್ನು ಬಯಸಿದರು. ಆ ಬಗೆಯ ಬೇಡಿಕೆ ನಮ್ಮಲ್ಲಿಗೂ ಬಂದಾಗ ಅದನ್ನು ಪೂರೈಸುವ ಕೈಚಳಕ ಈ ಮನೆಗಳಲ್ಲಿ ಆಗಲೇ ಇತ್ತು.

ಈ ವಾದಕ್ಕೆ ಒಂದು ಆಕ್ಷೇಪ ಸಹಜ. ಇಪ್ಪತ್ತನೆಯ ಶತಮಾನದಲ್ಲಿ ಸರ್ಕಾರ ತರಬೇತಿ ಕೊಡದಿದ್ದರೆ, ಇಲ್ಲಿನ ಬೊಂಬೆ ಕುಶಲಕರ್ಮಿ ಬಾವಾಸ್ ಮಿಯಾನ್ ಜಪಾನಿನ ವಿಧಾನಗಳನ್ನು ಅಳವಡಿಸದಿದ್ದರೆ ಮನೆಯ ಲೇತ್ ಏನು ಮಾಡೀತು? ಆ ನೆರವು ದೊಡ್ಡದೇ. ಆದರೆ ತರಬೇತಿ ಕೇಂದ್ರದಲ್ಲಿ ಕಲಿತದ್ದು ಬೇರೂರಿದ್ದು ಮನೆಗಳಲ್ಲಿ. ಅಪ್ಪ ಕಡೆದದ್ದಕ್ಕೆ ಅಮ್ಮ ಬಣ್ಣ ಹಾಕುತ್ತಾ, ಮಕ್ಕಳು ನೋಡುತ್ತಾ ಕಲಿತಾಗ. ಇನ್ನೊಂದು ಆಕ್ಷೇಪ ಇದಕ್ಕಿಂತ ತೀಕ್ಷ್ಣ: ಮನೆಯೊಳಗಿನ ಕಸುಬೆಂದು ಹೊಗಳುವುದು ಅಗ್ಗದ ಕೂಲಿಯನ್ನು, ಮರದ ಪುಡಿ ತುಂಬಿದ ಕೋಣೆಯನ್ನು ಹೊಗಳಿದಂತಲ್ಲವೇ? ಇದು ನಿಜ, ತಳ್ಳಿಹಾಕುವಂತಿಲ್ಲ. ಮನೆ ಕಸುಬನ್ನು ಉಳಿಸಿತು. ಅದಕ್ಕೆ ತಕ್ಕ ಪಾಲು ಮನೆಗೆ ಸಿಗಲಿಲ್ಲ. ಪ್ಲಾಸ್ಟಿಕ್ ಆಟಿಕೆಗಳು ಬೆಲೆಯನ್ನು ಕೆಳಗೆಳೆದಾಗ ಪೆಟ್ಟು ತಿಂದದ್ದೂ ಆ ಮನೆಯೇ.

2005-06ರಲ್ಲಿ ಬಂದ ಭೌಗೋಳಿಕ ಸೂಚಕ ಮನ್ನಣೆ ಊರಿನ ಹೆಸರಿಗೆ ಕಾವಲಾಯಿತು. ಹೆಸರನ್ನು ಕಾದರೆ ಸಾಲದು. ಆಲೆ ಮರವನ್ನು ನೆಟ್ಟು ಬೆಳೆಸಬೇಕು, ಲೇತ್ ಇರುವ ಕೋಣೆಗೆ ಗಾಳಿ ಬೆಳಕು ಬರಬೇಕು, ಬಣ್ಣ ಹಾಕುವ ಹೆಂಗಸಿನ ದುಡಿಮೆಗೆ ಕಡೆಯುವವನಷ್ಟೇ ಬೆಲೆ ಸಿಗಬೇಕು. ಕಸುಬನ್ನು ಇಷ್ಟು ಕಾಲ ಹೊತ್ತುಕೊಂಡವರಿಗೆ ಸಲ್ಲಬೇಕಾದ ಬಾಕಿ ಇದು.