ಮಣ್ಣಿನ ಸವಕಳಿಯ ಉಪಗ್ರಹ ವೀಕ್ಷಣೆ: ರಾಯದುರ್ಗ, ಮಡಕಶಿರಾ

ಕೃಷಿಭೂಮಿಯ ಮಣ್ಣು ಎಲ್ಲಿ ಕೊಚ್ಚಿಹೋಗುವ ಅಪಾಯವಿದೆಯೆಂದು ಉಪಗ್ರಹ ಚಿತ್ರಗಳಿಂದ ಗುರುತಿಸುವ ವಿಧಾನವನ್ನು ಇಲ್ಲಿ ಆಂಧ್ರಪ್ರದೇಶದ ರಾಯದುರ್ಗ, ಮಡಕಶಿರಾ ಸೀಮೆಗಳಿಗೆ ಅನ್ವಯಿಸಿ ನೋಡಲಾಗಿದೆ. ರಾಯದುರ್ಗವು 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು. ಮಡಕಶಿರಾ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಎರಡೂ ಕಡೆ ಕನ್ನಡ ಮಾತನಾಡುವ ರೈತರಿದ್ದಾರೆ. ಮಳೆ ಕಡಿಮೆ, ತೆಳು ಕೆಂಪು ಮಣ್ಣು, ಕಡಲೆಕಾಯಿಯೇ ಮುಖ್ಯ ಬೆಳೆ.

ಉಪಗ್ರಹ ಮಣ್ಣು ಹೋಗುವುದನ್ನು ನೇರವಾಗಿ ಕಾಣುವುದಿಲ್ಲ. ಹಸಿರು ಹೊದಿಕೆಯನ್ನು ಅಳೆದು, ಇಳಿಜಾರು, ಮಳೆಯ ರಭಸ, ಮಣ್ಣಿನ ಗುಣ ಮತ್ತು ಬದುಗಳಂಥ ರಕ್ಷಣಾ ಕ್ರಮಗಳೊಡನೆ ಗುಣಿಸಿ ವರ್ಷದ ನಷ್ಟವನ್ನು ಅಂದಾಜಿಸುತ್ತಾರೆ. ಭಾರತದ ರಿಸೋರ್ಸ್‌ಸ್ಯಾಟ್ ಉಪಗ್ರಹದ ಲಿಸ್-3 ಕ್ಯಾಮೆರಾದ ಚಿತ್ರದಲ್ಲಿ ಒಂದು ಚೌಕದ ಬದಿ 23.5 ಮೀಟರ್, ಅಂದರೆ ಚೌಕದ ವಿಸ್ತೀರ್ಣ ಸುಮಾರು ಐದೂವರೆ ಗುಂಟೆ. ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚೌಕದ ಬದಿ 10 ಮೀಟರ್, ಹೆಚ್ಚುಕಡಿಮೆ ಒಂದೇ ಗುಂಟೆ. ಆದರೂ ರೈತ ಕಟ್ಟಿದ ಕಿರುಬದು ಇದರಲ್ಲಿ ಕಾಣದು. ಹೊಲಕ್ಕೆ ಹೋಗಿ ನೋಡದ ನಕ್ಷೆಯನ್ನು ಪೂರ್ತಿ ನಂಬಲಾಗದು. ಬಿತ್ತನೆಯ ಹೊತ್ತಿಗೆ, ನೆಲ ಬೆತ್ತಲಾಗಿರುವಾಗಲೇ, ಮೋಡ ಕವಿದು ಈ ಕ್ಯಾಮೆರಾಗಳಿಗೆ ನೆಲ ಕಾಣುವುದಿಲ್ಲ. ಆಗ ಮೋಡವನ್ನು ಭೇದಿಸುವ ಸೆಂಟಿನೆಲ್-1 ಉಪಗ್ರಹದ ರೇಡಾರ್ ನೆರವಾಗುತ್ತದೆ.

ರಾಯದುರ್ಗ ಸೀಮೆಯ ಕಣೇಕಲ್ಲು, ಬೊಮ್ಮನಹಾಳ್ ಕಡೆ ನೀರಿಗಿಂತ ಗಾಳಿಯ ಕಾಟ ಎದ್ದು ಕಾಣುತ್ತದೆ. ಹಗರಿಯ (ವೇದಾವತಿ) ಒಣ ಪಾತ್ರದ ಮರಳನ್ನು ಮುಂಗಾರು ಗಾಳಿ ಹೊಲಗಳಿಗೆ ತಂದು ಸುರಿದು ದಿಬ್ಬ ಕಟ್ಟುತ್ತದೆ. ಮೇಲೆ ಹೇಳಿದ ಗುಣಾಕಾರದ ಸೂತ್ರ ನೀರಿನ ಸವಕಳಿಗಷ್ಟೇ ಹೊಂದುವುದರಿಂದ, ಇಲ್ಲಿ ಬೇರೆ ಬೇರೆ ವರ್ಷಗಳ ಚಿತ್ರಗಳನ್ನು ಹೋಲಿಸಿ ಮರಳಿನ ಅಂಚು ಎಲ್ಲಿಗೆ ಸರಿದಿದೆಯೆಂದು ನೋಡಬೇಕಾಗುತ್ತದೆ.